ಅರವತ್ತರ ದಶಕದ ಒಂದೇ ಒಂದು ಹಾಡು: ಗೋವಿನಕೋವಿಯ ಜಗಲಿಯಲ್ಲಿ ನಡೆದ ವೋಟಿಂಗ್



ಈ ವಾರದ ಸಂಚಿಕೆ ಶುರುವಾಗಿದ್ದು ಒಂದು ಜಗಳದಿಂದ. ದೀಪಾವಳಿಗೆ ನಾವೆಲ್ಲ ಗೋವಿನಕೋವಿಗೆ ಹೋಗಿದ್ವಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಈಗ ಅದು ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲ್ಲೂಕು. ನಾನು ಹೇಳೋ ಕಥೆಯ ಕಾಲಕ್ಕೆ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಮೈಸೂರು ರಾಜ್ಯ. 1973ರಲ್ಲಿ ರಾಜ್ಯದ ಹೆಸರು ಬದಲಾಯ್ತು, 1997ರಲ್ಲಿ ಜಿಲ್ಲೆ ಬದಲಾಯ್ತು, ಆಮೇಲೆ ತಾಲ್ಲೂಕೂ ಬದಲಾಯ್ತು. ಊರು ಮಾತ್ರ ಇದ್ದಲ್ಲೇ ಇದೆ.

ರಾತ್ರಿ ಊಟ ಆಗಿ ಎಲ್ಲರೂ ಜಗಲಿ ಮೇಲೆ ಕೂತಿದ್ವಿ. ನನ್ನ ಚಿಕ್ಕಪ್ಪನ ಮಗ ಬ್ಲೂಟೂತ್ ಸ್ಪೀಕರ್ ತಂದಿಟ್ಟು, "ಅಜ್ಜಿ, ನಿಮ್ಮ ಕಾಲದ ಹಾಡು ಹಾಕ್ತೀನಿ" ಅಂದ. ಪ್ಲೇಲಿಸ್ಟಿನ ಹೆಸರು ಸಿಕ್ಸ್ಟೀಸ್ ಕನ್ನಡ ಹಿಟ್ಸ್. ಮೊದಲು ಬಂದಿದ್ದು 'ನಗುನಗುತಾ ನಲೀ'. ಅದು ಬಂಗಾರದ ಮನುಷ್ಯ, 1972. ಎರಡನೇದು 'ಆಡಿಸಿ ನೋಡು'. ಅದು ಕಸ್ತೂರಿ ನಿವಾಸ, 1971. ಮೂರನೇದು 'ಯಾರೇ ಕೂಗಾಡಲಿ'. ಸಂಪತ್ತಿಗೆ ಸವಾಲ್, 1974. ಅಜ್ಜಿ ಮೂರನ್ನೂ ಕೇಳಿ, "ಇವೆಲ್ಲ ನಿಮ್ಮಪ್ಪ ಹುಟ್ಟಿದ ಮೇಲಿನವು ಕಣಪ್ಪ, ನನ್ನ ಕಾಲದ್ದು ಹಾಕು" ಅಂದ್ರು.

ಇವನು ಸುಮ್ನಿರ್ಲಿಲ್ಲ. "ರಾಜ್‌ಕುಮಾರ್ ಹಾಡಿದ್ದೆಲ್ಲ ಹಳೇದೇ ಅಲ್ವಾ ಅಜ್ಜಿ?" ಅಂದ. ಅಲ್ಲಿಗೆ ಜಗಲಿ ಎರಡು ಹೋಳಾಯ್ತು. ಯಾಕಂದ್ರೆ ಮೊದಲ ಎರಡು ಹಾಡು ರಾಜ್‌ಕುಮಾರ್ ಹಾಡಿದ್ದಲ್ಲ, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡೋದು ರೂಢಿಯಾಗಿದ್ದು 1974ರ 'ಯಾರೇ ಕೂಗಾಡಲಿ' ಆದಮೇಲೆ. ಅದಕ್ಕೂ ಮುಂಚೆ ಅಲ್ಲೊಂದು ಇಲ್ಲೊಂದು ಹಾಡಿದ್ದುಂಟು, ಆದರೆ ಅರವತ್ತರ ದಶಕದ ರಾಜ್‌ಕುಮಾರ್ ಅಂದ್ರೆ ಮುಖ ಅವರದು, ಕಂಠ ಬಹುಪಾಲು ಕಾಕಿನಾಡದ ಶ್ರೀನಿವಾಸ್ ಅವರದು. ಹತ್ತೊಂಬತ್ತು ವರ್ಷದ ನನ್ನ ತಮ್ಮನಿಗೆ ಇದು ಗೊತ್ತಿರ್ಲಿಲ್ಲ. ನಿಮಗೂ ಗೊತ್ತಿಲ್ಲದಿದ್ರೆ ನಾಚಿಕೆ ಬೇಡ, ನನಗೂ ಕಾಲೇಜು ಮುಗಿಯೋವರೆಗೆ ಗೊತ್ತಿರ್ಲಿಲ್ಲ.

ಸರಿ, ಪಂದ್ಯ ಶುರುವಾಯ್ತು. 1960ರಿಂದ 1969, ಈ ಹತ್ತು ವರ್ಷದ ಕನ್ನಡ ಹಾಡುಗಳಲ್ಲಿ ಒಂದೇ ಒಂದನ್ನು ಆರಿಸಬೇಕು. ನಿಯಮ ಹಾಕಿದ್ದು ನಾನು: ಆ ಹಾಡು ಆಗ ಈ ಊರಿಗೆ ಬಂದಿರಬೇಕು. ಯಾರಾದ್ರೂ ಒಬ್ಬರು ಇಲ್ಲಿ ಕೂತು ಅದನ್ನ ಆಗಲೇ ಕೇಳಿರಬೇಕು.

ಯಾಕೆ ಈ ನಿಯಮ ಅಂತ ಹೇಳ್ತೀನಿ. ಹಿಟ್ ಅಂದ್ರೆ ಏನು ಅನ್ನೋದಕ್ಕೆ ಹೊರದೇಶದಲ್ಲಿ ಲೆಕ್ಕ ಇದೆ. ಇಂಗ್ಲೆಂಡಿನಲ್ಲಿ 1952ರ ನವೆಂಬರಿನಿಂದ, ಅಂಗಡಿಗಳಲ್ಲಿ ಯಾವ ಪ್ಲೇಟು ಎಷ್ಟು ಮಾರಾಟ ಆಯ್ತು ಅಂತ ವಾರವಾರ ಪಟ್ಟಿ ಬರ್ತಿತ್ತು. ಅಮೆರಿಕದಲ್ಲಿ 1958ರಿಂದ ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿ. 1964ರ ಏಪ್ರಿಲ್ 4ರ ಆ ಪಟ್ಟಿಯಲ್ಲಿ ಮೊದಲ ಐದೂ ಸ್ಥಾನ ಬೀಟಲ್ಸ್‌ಗೆ ಸಿಕ್ಕಿತ್ತು. ಅವರ ಜಗಲಿಯಲ್ಲಿ ಜಗಳ ಆದ್ರೆ ಪುಸ್ತಕ ತೆಗೆದು ತೋರಿಸಬಹುದು. ಹಾಗಂತ ಆ ಪಟ್ಟಿಯೇನು ದೇವರ ವಾಕ್ಯ ಅಲ್ಲ. 1967ರಲ್ಲಿ ಬೀಟಲ್ಸ್‌ನ 'ಪೆನ್ನಿ ಲೇನ್', 'ಸ್ಟ್ರಾಬೆರಿ ಫೀಲ್ಡ್ಸ್' ಎರಡೂ ಇದ್ದ ಪ್ಲೇಟು ಇಂಗ್ಲೆಂಡಿನಲ್ಲಿ ಒಂದನೇ ಸ್ಥಾನಕ್ಕೆ ಬರಲೇ ಇಲ್ಲ. ಅದನ್ನ ತಡೆದು ಮೇಲೆ ಕೂತಿದ್ದು ಎಂಗಲ್‌ಬರ್ಟ್ ಹಂಪರ್ಡಿಂಕ್ ಅನ್ನೋ ಗಾಯಕನ 'ರಿಲೀಸ್ ಮಿ'. ಈ ಮನುಷ್ಯ ಹುಟ್ಟಿದ್ದೆಲ್ಲಿ ಗೊತ್ತಾ? ನಮ್ಮ ಮದ್ರಾಸಿನಲ್ಲಿ. ಅದೇ ವರ್ಷ ಕನ್ನಡದ ಸಿನಿಮಾ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗ್ತಿದ್ದಿದ್ದೂ ಆ ಊರಿನಲ್ಲೇ.

ನಮ್ಮ ದೇಶದಲ್ಲಿ ಹಿಂದಿಗೆ ಬಿನಾಕಾ ಗೀತ್‌ಮಾಲಾ ಇತ್ತು. 1952ರಿಂದ ರೇಡಿಯೊ ಸಿಲೋನ್‌ನಲ್ಲಿ ಬುಧವಾರ ರಾತ್ರಿ ಅಮೀನ್ ಸಯಾನಿ ಧ್ವನಿಯಲ್ಲಿ. ಅವರು ಅಂಗಡಿಗಳ ಮಾರಾಟ, ಶ್ರೋತೃಗಳ ಸಂಘಗಳ ಪತ್ರ ಎಲ್ಲ ನೋಡಿ ಹಾಡಿಗೆ ಸ್ಥಾನ ಕೊಡ್ತಿದ್ರು. ಪಕ್ಕದ ದೇಶದ ರೇಡಿಯೊ ಯಾಕೆ ಅಂದ್ರೆ, ಆ ಹೊತ್ತಿಗೆ ನಮ್ಮ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಬಾಗಿಲು ಹಾಕಿದ್ರು. ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಸಂಗೀತ ಅಂದ್ರೆ ಆಗ್ತಿರ್ಲಿಲ್ಲ. ಜನ ಮುಳ್ಳು ತಿರುಗಿಸಿ ಸಿಲೋನ್ ಹಿಡಿದ್ರು. ಕೊನೆಗೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡ್ಬೇಕಾಯ್ತು.

ಆದರೆ ಗೋವಿನಕೋವಿಯಂಥ ಊರಿನಲ್ಲಿ ಯಾವ ಕನ್ನಡ ಹಾಡು ಗೆದ್ದಿತು ಅಂತ ವಾರವಾರ ಬರೆದಿಟ್ಟವರು ಯಾರು? ಇಲ್ಲಿ ಪ್ಲೇಟು ಕೊಳ್ಳೋರೇ ಇರ್ಲಿಲ್ಲ. ಮಾರಾಟದ ಲೆಕ್ಕ ಹಿಡಿದ್ರೆ ಈ ಊರು ಇಡೀ ದಶಕ ಒಂದೂ ಹಾಡು ಕೇಳಿಲ್ಲ ಅಂತಾಗುತ್ತೆ. ಈಗಿನ ಯೂಟ್ಯೂಬ್ ವ್ಯೂಸ್ ನೋಡೋಣ ಅಂದ್ರೆ ಅದು ಇವತ್ತಿನವರ ಕಿವಿಯ ಲೆಕ್ಕ, ಆಗಿನವರದ್ದಲ್ಲ. ಹಾಗಾಗಿ ಉಳಿದಿರೋ ಒಂದೇ ದಾಖಲೆ ಜಗಲಿ ಮೇಲೆ ಕಾಲು ಚಾಚಿ ಕೂತಿತ್ತು. ವಯಸ್ಸು ಎಪ್ಪತ್ತೇಳು, ಮೊಣಕಾಲು ನೋವು, ನೆನಪು ಮಾತ್ರ ಗಟ್ಟಿ.

ಹಾಡು ಈ ಊರಿಗೆ ಹೇಗೆ ಬರ್ತಿತ್ತು ಅಜ್ಜಿ ಅಂದ್ರೆ, "ಮೂರು ದಾರಿ ಕಣವ್ವ. ಟೆಂಟು, ಮೈಕು, ಪುಸ್ತಕ. ರೇಡಿಯೊ ಆಮೇಲೆ" ಅಂದ್ರು.

ಟೆಂಟು ಅಂದ್ರೆ ಟೂರಿಂಗ್ ಟಾಕೀಸ್. ಸುಗ್ಗಿ ಆದಮೇಲೆ ಬಯಲಲ್ಲಿ ಡೇರೆ ಹೊಡೀತಿದ್ರು, ಮಳೆಗಾಲ ಬಂದ್ರೆ ಕಿತ್ಕೊಂಡು ಹೋಗ್ತಿದ್ರು. ನೆಲ, ಬೆಂಚು, ಕುರ್ಚಿ. ಸಂಜೆ ಕತ್ತಲಾಗೋ ಹೊತ್ತಿಗೆ ಡೇರೆ ಮೇಲಿನ ಹಾರ್ನಿನಿಂದ 'ನಮೋ ವೆಂಕಟೇಶ' ಕೇಳಿಸ್ತು ಅಂದ್ರೆ ಆಟ ಶುರುವಾಗುತ್ತೆ ಅಂತ. ಹಾಡು ತೆಲುಗು, ಕಂಠ ಘಂಟಸಾಲ ಅವರದು. ಕನ್ನಡ ನಾಡಿನ ಎಷ್ಟೋ ಟೆಂಟುಗಳಲ್ಲಿ ಅದೇ ಬೆಲ್ಲು. ಅಜ್ಜಿ ಹೇಳೋ ಪ್ರಕಾರ ಆ ಹಾಡು ಕೇಳಿದ ಕೂಡಲೇ ಒಲೆ ಮೇಲಿನ ಸಾರು ಕುದೀತೋ ಬಿಡ್ತೋ ನೋಡದೆ ಹೆಂಗಸರು ಹೊರಡ್ತಿದ್ರಂತೆ. ಈ ಘಂಟಸಾಲ ಅವರನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತಾರೆ.

ಮೈಕು ಅಂದ್ರೆ ಮದುವೆ, ಜಾತ್ರೆ, ಗಣಪತಿ. ಬ್ಯಾಟರಿ, ಆಂಪ್ಲಿಫೈಯರ್, ಮರಕ್ಕೆ ಕಟ್ಟಿದ ಹಾರ್ನು, ಒಂದು ಟ್ರಂಕಿನಲ್ಲಿ ಪ್ಲೇಟುಗಳು. ಮದ್ರಾಸಿನಲ್ಲಿ ಹಾಡಿದ್ದು ಕಲ್ಕತ್ತೆಯ ಡಮ್ ಡಮ್ ಕಾರ್ಖಾನೆಯಲ್ಲಿ ಅಚ್ಚಾಗಿ, ನಾಯಿ ಚಿತ್ರದ ಲೇಬಲ್ ಅಂಟಿಸ್ಕೊಂಡು, ಎತ್ತಿನ ಗಾಡಿ ಮೇಲೆ ನಮ್ಮೂರಿಗೆ ಬರ್ತಿತ್ತು. ಹಳೇ ಪ್ಲೇಟು ಮಾಡ್ತಿದ್ದಿದ್ದು ಅರಗಿನಿಂದ. ಒಂದು ಮಗ್ಗುಲಿಗೆ ಮೂರೂವರೆ ನಿಮಿಷದ ಹತ್ತಿರ ಹಿಡೀತಿತ್ತು. ಆ ಕಾಲದ ಹಾಡುಗಳು ಅಷ್ಟರಲ್ಲೇ ಮುಗಿಯೋದಕ್ಕೆ ಇದೂ ಒಂದು ಕಾರಣ.

ಪುಸ್ತಕ ಅಂದ್ರೆ ಹಾಡಿನ ಪುಸ್ತಕ. ಟೆಂಟಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರ್ತಿದ್ದ ತೆಳು ಕಾಗದದ್ದು. ಮುಂದೆ ಕಥೆ ಅರ್ಧ ಹೇಳಿ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ" ಅಂತ ನಿಲ್ಲಿಸಿ, ಹಿಂದೆ ಎಲ್ಲ ಹಾಡುಗಳ ಸಾಹಿತ್ಯ. ನಾಲ್ಕನೇ ಕ್ಲಾಸು ಓದಿದ್ದ ಅಜ್ಜಿ ಆ ಬೀದಿಯ ಅಧಿಕೃತ ಓದುಗಿತ್ತಿ.

ಇನ್ನು ರೇಡಿಯೊ. ಅದಕ್ಕೆ ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ. ತಮಾಷೆ ಮಾಡ್ತಿಲ್ಲ, ಎಂಬತ್ತರ ದಶಕದವರೆಗೂ ಇತ್ತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ನಮ್ಮ ಕಡೆಗೆ ಕನ್ನಡ ಸ್ಪಷ್ಟವಾಗಿ ಕೇಳಿಸೋಕೆ ಹತ್ತಿತು. ಅದಕ್ಕೂ ಮುಂಚೆ ಧಾರವಾಡ, ಬೆಂಗಳೂರು ಹಿಡಿಯೋಕೆ ರೇಡಿಯೊದ ತಲೆ ಮೇಲೆ ಕೈಯಿಟ್ಟು ನಿಂತಿರಬೇಕಿತ್ತಂತೆ.

ಈಗ ಅಭ್ಯರ್ಥಿಗಳು.

ನಮ್ಮ ದೊಡ್ಡಪ್ಪನ ವೋಟು 'ಹಳ್ಳಿಯಾದರೇನು ಶಿವ'. ಮೇಯರ್ ಮುತ್ತಣ್ಣ, 1969, ಸಿದ್ದಲಿಂಗಯ್ಯ ಅವರ ಮೊದಲ ಸಿನಿಮಾ, ದ್ವಾರಕೀಶ್ ನಿರ್ಮಾಣ, ರಾಜನ್-ನಾಗೇಂದ್ರ ಸಂಗೀತ. ಹಳ್ಳಿಯವನು ಪಟ್ಟಣಕ್ಕೆ ಹೋಗಿ ಮೇಯರ್ ಆಗೋ ಕಥೆ. ದೊಡ್ಡಪ್ಪ ಇದನ್ನ ಹಾಡಿದ್ದು ಕಣ್ಣಲ್ಲಿ ನೀರು ತಂದ್ಕೊಂಡು. ಅವರು ಮೂವತ್ತು ವರ್ಷದಿಂದ ಬೆಂಗಳೂರಲ್ಲಿದ್ದಾರೆ, ಇಲ್ಲಿನ ಹೊಲ ಮಾರಿದ್ದೂ ಅವರೇ. ಹಾಡು ಚೆನ್ನಾಗಿದೆ, ವೋಟನ್ನ ಮಾತ್ರ ನಾನು ಅಸಿಂಧು ಮಾಡಿದೆ.

ಚಿಕ್ಕಪ್ಪನದು ಎಸ್.ಪಿ.ಬಿ. ಪಕ್ಷ. 'ಕನಸಿದೋ ನನಸಿದೋ', 1967ರ ನಕ್ಕರೆ ಅದೇ ಸ್ವರ್ಗ, ಪಿ. ಸುಶೀಲಾ ಜೊತೆ. ಬಾಲಸುಬ್ರಹ್ಮಣ್ಯಂ ಅವರ ಮೊದಲ ಕನ್ನಡ ಹಾಡು. ಚರಿತ್ರೆಗೆ ದೊಡ್ಡದು, ಸರಿ. ಆದರೆ ಚಿಕ್ಕಪ್ಪ ಅದನ್ನ ಆರಿಸಿದ್ದು ಆಮೇಲಿನ ಎಸ್.ಪಿ.ಬಿ.ಯನ್ನ ನೆನೆಸ್ಕೊಂಡು. ಅಜ್ಜಿಗೆ ಆ ಹಾಡು ನೆನಪೇ ಇಲ್ಲ. ನಿಯಮದ ಪ್ರಕಾರ ಔಟ್.

ನನ್ನ ಅತ್ತೆ 'ಹಾಡೊಂದ ಹಾಡುವೆ' ಅಂದ್ರು. ಇದಕ್ಕೆ ನಾನು ಸ್ವಲ್ಪ ಹೊತ್ತು ಅಲ್ಲಾಡಿದೆ. ನಾಂದಿ, 1964, ನಿರ್ದೇಶನ ಎನ್. ಲಕ್ಷ್ಮೀನಾರಾಯಣ್, ಸಂಗೀತ ವಿಜಯಭಾಸ್ಕರ್, ಹಾಡಿದ್ದು ಶ್ರೀನಿವಾಸ್. ಪುರಾಣ, ರಾಜರ ಕಥೆಗಳೇ ತುಂಬಿದ್ದ ಹೊತ್ತಿಗೆ ಒಬ್ಬ ಸಾಮಾನ್ಯ ಮೇಷ್ಟ್ರ ಮನೆಯೊಳಗಿನ ಕಥೆ. ಕಿವಿ ಕೇಳದ, ಮಾತು ಬಾರದವರ ಬದುಕಿನ ಬಗ್ಗೆ ಇರೋ ಸಿನಿಮಾದಲ್ಲಿ, ಮಗುವಿಗೆ ಕೇಳು ಅಂತ ಹೇಳೋ ಜೋಗುಳ. ಸಿನಿಮಾ ನೋಡದೆ ಕೇಳಿದ್ರೆ ಸಿಹಿಯಾಗಿರುತ್ತೆ. ನೋಡಿ ಕೇಳಿದ್ರೆ ಗಂಟಲು ಕಟ್ಟುತ್ತೆ. ಅತ್ತೆ ಅದನ್ನ ಹಾಡಿ ನನ್ನನ್ನೇ ಮಲಗಿಸಿದ್ದಾರೆ, ಹಾಗಾಗಿ ಇಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ಅದು ನನ್ನ ಮೂರನೇ ಸ್ಥಾನ ಅಂತ ಇಟ್ಕೊಳ್ಳಿ.

ಅಮ್ಮನ ವೋಟು 'ಮೂಡಲ ಮನೆಯ'. ಬೇಂದ್ರೆಯವರ ಕವಿತೆ, 1967ರ ಬೆಳ್ಳಿಮೋಡದಲ್ಲಿ ಎಸ್. ಜಾನಕಿ ಹಾಡಿದ್ದು. ಪುಟ್ಟಣ್ಣ ಕಣಗಾಲ್ ಅವರ ಮೊದಲ ಕನ್ನಡ ಸಿನಿಮಾ, ತ್ರಿವೇಣಿಯವರ ಕಾದಂಬರಿ. ಆ ದಶಕದ ಒಂದು ಸೊಗಸೇ ಇದು: ಕವಿಗಳ ಪದ್ಯ ಟೆಂಟಿನೊಳಗೆ ಬಂದು ಕೂತಿತು. 1963ರ ಕುಲವಧುವಿನಲ್ಲಿ ಬೇಂದ್ರೆಯವರ ಯುಗಾದಿ ಪದ್ಯ, 1965ರ ಮಿಸ್ ಲೀಲಾವತಿಯಲ್ಲಿ ಕುವೆಂಪು ಅವರ 'ದೋಣಿ ಸಾಗಲಿ'. ಶಾಲೆ ಮೆಟ್ಟಿಲು ಹತ್ತದವರೂ ಇವನ್ನ ಬಾಯಿಪಾಠ ಹೇಳ್ತಿದ್ರು. ಆದ್ರೂ ನನ್ನ ತಕರಾರು ಒಂದಿದೆ. ಅದು ಬೇಂದ್ರೆಯವರ ಗೆಲುವು, ಸಿನಿಮಾ ಹಾಡಿನ ಗೆಲುವಲ್ಲ. ಸಿನಿಮಾಕ್ಕಾಗಿಯೇ ಹುಟ್ಟಿದ ಹಾಡೊಂದು ಬೇಕು ನನಗೆ. ಅಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ.

ಜೇಡರ ಬಲೆ ಥರದ ಪತ್ತೇದಾರಿ ಸಿನಿಮಾಗಳ ಕ್ಲಬ್ ಹಾಡುಗಳನ್ನ ಯಾರೂ ಹೆಸರಿಸಲಿಲ್ಲ. 1968ರಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದೂಕು ಹಿಡಿದು ಬಂದಾಗ ಸಂಗೀತಕ್ಕೂ ಗಿಟಾರು, ಡ್ರಮ್ಮು ಬಂತು. ಪಾಪ್ ಅನ್ನೋ ಪದಕ್ಕೆ ಅದೇ ಹತ್ತಿರ. ಆದರೆ ಅಜ್ಜಿಯ ಮುಂದೆ ಕ್ಲಬ್ ಡ್ಯಾನ್ಸ್ ನನ್ನ ಫೇವರಿಟ್ ಅನ್ನೋ ಧೈರ್ಯ ಆ ಜಗಲಿಯಲ್ಲಿ ಯಾರಿಗೂ ಇರ್ಲಿಲ್ಲ.

ನನ್ನ ವೋಟು ಮೊದಲೇ ತಯಾರಿತ್ತು. 'ಕುಲದಲ್ಲಿ ಕೀಳ್ಯಾವುದೋ'. ಸತ್ಯ ಹರಿಶ್ಚಂದ್ರ, 1965. ನಿರ್ದೇಶನ, ಸಾಹಿತ್ಯ ಹುಣಸೂರು ಕೃಷ್ಣಮೂರ್ತಿ, ಸಂಗೀತ ಪೆಂಡ್ಯಾಲ ನಾಗೇಶ್ವರ ರಾವ್, ಹಾಡಿದ್ದು ನಾನು ನೆನಪಿಟ್ಕೊಳ್ಳಿ ಅಂದಿದ್ದ ಘಂಟಸಾಲ. ಟೆಂಟಿಗೆ ಕರೆಯೋ ಭಕ್ತಿಯ ಕಂಠವೇ ಡೇರೆಯೊಳಗೆ ಸ್ಮಶಾನದ ಒಡೆಯ ವೀರಬಾಹು ಆಗಿ ಕುಣಿಯುತ್ತೆ. ತೆರೆ ಮೇಲೆ ಎಂ.ಪಿ. ಶಂಕರ್. ರಾಜ ಹರಿಶ್ಚಂದ್ರ ಕೊನೆಗೆ ಮಾರಾಟ ಆಗೋದು ಇದೇ ವೀರಬಾಹುಗೆ, ಅಂದ್ರೆ ಊರು ಮುಟ್ಟಿಸಿಕೊಳ್ಳದ ಮನುಷ್ಯನಿಗೆ. ರಾಘವಾಂಕನ ಕಾಲದಿಂದ ಕನ್ನಡಕ್ಕೆ ಗೊತ್ತಿರೋ ಕಥೆ. 2008ರಲ್ಲಿ ಇದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ರು. ನಾನು ನೋಡಿದ್ದು ಬಣ್ಣದ್ದು. ಅಜ್ಜಿ ನೋಡಿದ್ದು ಕಪ್ಪು-ಬಿಳುಪು. "ವೀರಬಾಹು ಕಪ್ಪು-ಬಿಳುಪಲ್ಲೇ ಚಂದ" ಅಂತಾರೆ.

ನನ್ನ ವಾದ ಹೀಗಿತ್ತು. ದಶಕದ ಶುರುವಿಗೆ, 1960ರಲ್ಲಿ ಭಕ್ತ ಕನಕದಾಸ ಬಂತು. ಎಂ. ವೆಂಕಟರಾಜು ಸಂಗೀತ, ಶ್ರೀನಿವಾಸ್ ಕಂಠದಲ್ಲಿ 'ಬಾಗಿಲನು ತೆರೆದು'. ಕನಕದಾಸರದೇ ಕೀರ್ತನೆ. ಅಲ್ಲಿ ಹೊರಗೆ ನಿಂತವನು ಬಾಗಿಲು ತೆಗಿ ಅಂತ ಬೇಡ್ತಾನೆ. ಐದು ವರ್ಷ ಕಳೆದ ಮೇಲೆ ಅದೇ ರಾಜ್‌ಕುಮಾರ್ ಅವರ ಇನ್ನೊಂದು ಸಿನಿಮಾದಲ್ಲಿ ಹೊರಗಿನವನು ಬೇಡೋದಿಲ್ಲ, ನಗ್ತಾನೆ. ಕುಲ ಅಂದ್ರೇನ್ರಯ್ಯ ಅಂತ ಕುಣೀತಾನೆ. ಅಸ್ಪೃಶ್ಯತೆ ಅಪರಾಧ ಅನ್ನೋ ಕಾನೂನು ಬಂದಿದ್ದು 1955ರಲ್ಲಿ. ಹತ್ತು ವರ್ಷ ಆ ಕಾನೂನಿನ ಪುಸ್ತಕ ಓದದಿದ್ದವರ ಬಾಯಲ್ಲೂ ಈ ಹಾಡು ಕೂತಿತು. ಇದಕ್ಕಿಂತ ದೊಡ್ಡ ಹಿಟ್ ಯಾವುದು ಹೇಳಿ?

ಅಜ್ಜನೂ ಇದನ್ನ ಹಾಡ್ತಿದ್ರಂತೆ. ಹೊಲಕ್ಕೆ ಹೋಗ್ತಾ, ಬರ್ತಾ. ಅಜ್ಜಿ ನಕ್ಕೊಂಡು, "ಶ್ರುತಿ ಇಲ್ಲ ತಾಳ ಇಲ್ಲ, ಎತ್ತು ಕೂಡ ನಿಂತುಬಿಡ್ತಿದ್ವು" ಅಂದ್ರು.

ಮರುದಿನ ನಾನು ರೆಕಾರ್ಡರ್ ಹಿಡ್ಕೊಂಡು ಊರಲ್ಲಿ ನಾಲ್ಕು ಹಿರಿಯರನ್ನ ಮಾತಾಡಿಸಿದೆ. ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅವರ ಅಪ್ಪ ನಮ್ಮ ಮನೆಯಲ್ಲಿ ಜೀತಕ್ಕಿದ್ದವರು. ಇದು ನನಗೆ ಮೊದಲು ಗೊತ್ತಿರ್ಲಿಲ್ಲ, ಅವರೇ ಹೇಳಿದ್ರು. ಟೀ ಕೊಟ್ರು. ನಾನು ಹಾಡಿನ ವಿಷಯ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು:

"ನೋಡಮ್ಮ, ನಿಮ್ಮಜ್ಜ ಆ ಹಾಡು ಹಾಡ್ತಿದ್ದದ್ದು ನಿಜ. ನಾನೂ ಕೇಳೀನಿ. ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ನಮ್ಮಪ್ಪನ ಲೋಟ ಇರ್ತಿತ್ತು. ತಾನೇ ತೊಳೆದು ತಾನೇ ಬೋರಲು ಹಾಕ್ಬೇಕು. ನಿಮ್ಮಜ್ಜ ಮೇಲಿಂದ ಕಾಫಿ ಹೊಯ್ಯೋರು, ಬಾಯಲ್ಲಿ ಅದೇ ಹಾಡು. ಬೈದು ಹೇಳ್ತಿಲ್ಲ ನಾನು. ಅವರು ಒಳ್ಳೇರೇ, ನನ್ನ ಫೀಜು ಕಟ್ಟಿದ್ದೂ ಅವರೇ. ಹಾಡು ಹಾಡಾಗೇ ಇತ್ತು, ಲೋಟ ಲೋಟದ ಜಾಗದಾಗೇ ಇತ್ತು."

ಆ ಟೀ ನನ್ನ ಕೈಯಲ್ಲೇ ಆರಿ ಹೋಯ್ತು. ಹಾಗಾದ್ರೆ ನಿಮ್ಮಪ್ಪನಿಗೂ ಅದೇ ಹಾಡು ಇಷ್ಟ ಇತ್ತಾ ಸಾರ್ ಅಂತ ಕೇಳಿದೆ. ಇತ್ತು ಅಂತಾರೆ ಅಂದ್ಕೊಂಡಿದ್ದೆ.

"ಅಯ್ಯೋ ಇಲ್ಲಮ್ಮ! ನಮ್ಮಪ್ಪಂದು 'ಬಿಂಕದ ಸಿಂಗಾರಿ'. ಕನ್ಯಾರತ್ನ ಸಿನಿಮಾದ್ದು. ನಮ್ಮವ್ವನ್ನ ರೇಗಿಸೋಕೆ ಅದನ್ನೇ ಹಾಡೋನು. ಕುಲದ ವಿಷಯ ಬೆಳಗಿಂದ ಸಂಜೆತನಕ ಬದುಕೋನಿಗೆ, ರಾತ್ರಿ ಹಾಡಲ್ಲೂ ಅದೇ ಬೇಕೇನಮ್ಮ?"

'ಬಿಂಕದ ಸಿಂಗಾರಿ', 1963, ಜಿ.ಕೆ. ವೆಂಕಟೇಶ್ ಸಂಗೀತ, ಶ್ರೀನಿವಾಸ್ ಕಂಠ. ತುಂಟ ಪ್ರೇಮಗೀತೆ, ಅಷ್ಟೇ. ನನ್ನ ಪಟ್ಟಿಯಲ್ಲಿ ಅದು ಹತ್ತರೊಳಗೂ ಇರ್ಲಿಲ್ಲ. ನಾನು ಹಾಡಿನ ಅರ್ಥ ನೋಡಿ ಯಾರಿಗೆ ಯಾವ ಹಾಡು ಸೇರಬೇಕು ಅಂತ ಮನೆಯಿಂದಲೇ ಹಂಚ್ಕೊಂಡು ಹೋಗಿದ್ದೆ. ಕುಲದ ಹಾಡನ್ನ ಕೆಳಗಿನವರಿಗೆ, ಪ್ರೇಮದ ಹಾಡನ್ನ ಬೇರೆಯವರಿಗೆ. ಮೇಷ್ಟ್ರು ನಕ್ಕು ಇನ್ನೊಂದು ಟೀ ಮಾಡ್ಸಿದ್ರು.

ಮನೆಗೆ ಬಂದು ಅಜ್ಜಿಗೆ ಲೋಟದ ವಿಷಯ ಹೇಳ್ದೆ. "ಹೌದು, ಇತ್ತು" ಅಂದ್ರು. ಅಷ್ಟೇ. ಒಲೆ ಕಡೆ ತಿರುಗಿದ್ರು. ನಾನೂ ಮುಂದೆ ಕೇಳ್ಲಿಲ್ಲ. ಅವತ್ತು ಮಧ್ಯಾಹ್ನ ಅವರಾಗಿಯೇ ಬಂದು ಪಕ್ಕದಲ್ಲಿ ಕೂತು, "ನನ್ನ ವೋಟು ಯಾರೂ ಕೇಳಲೇ ಇಲ್ಲವಲ್ಲ" ಅಂದ್ರು. ನಿಜ. ಎಲ್ಲರೂ ಅಜ್ಜಿಯನ್ನ ಸಾಕ್ಷಿ ಮಾಡ್ಕೊಂಡಿದ್ವಿ, ವೋಟರ್ ಮಾಡಿರ್ಲಿಲ್ಲ.

ಅಜ್ಜಿಯ ಹಾಡು 'ಹೂವು ಚೆಲುವೆಲ್ಲಾ'. ಹಣ್ಣೆಲೆ ಚಿಗುರಿದಾಗ, 1968. ನಿರ್ದೇಶನ ಎಂ.ಆರ್. ವಿಠಲ್, ಸಾಹಿತ್ಯ ಆರ್.ಎನ್. ಜಯಗೋಪಾಲ್, ಸಂಗೀತ ಎಂ. ರಂಗರಾವ್, ಹಾಡಿದ್ದು ಪಿ. ಸುಶೀಲಾ, ತೆರೆ ಮೇಲೆ ಕಲ್ಪನಾ. ಹೂವಿಗೂ ಹೆಣ್ಣಿಗೂ ಚೆಲುವಿನ ಪೈಪೋಟಿ, ಹೆಣ್ಣು ಹೂ ಮುಡಿದು ಗೆಲ್ತಾಳೆ. ಇಷ್ಟೇ ಕೇಳಿದ್ರೆ ಇನ್ನೊಂದು ಮುದ್ದಾದ ಹಾಡು. ಆದರೆ ಈ ಸಿನಿಮಾದ ಕಥೆ ಯಾವುದು? ಮೂಲ ತ್ರಿವೇಣಿಯವರ ಕಾದಂಬರಿ. ವಿಧವೆಯ ಮರುಮದುವೆಯ ಪ್ರಶ್ನೆ. ಹೂ ಮುಡಿಯೋ ಹಕ್ಕೇ ಇಲ್ಲ ಅಂತ ಊರು ಹೇಳೋ ಹೆಣ್ಣಿನ ಕಥೆಯೊಳಗೆ ಹೂವಿನ ಹಾಡು. ತ್ರಿವೇಣಿ 1963ರಲ್ಲೇ ತೀರಿಹೋಗಿದ್ರು, ಇನ್ನೂ ಮೂವತ್ತೈದು ತುಂಬಿರ್ಲಿಲ್ಲ. ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ತಮ್ಮ ಈ ಎರಡೂ ಕಥೆಗಳು ತೆರೆ ಮೇಲೆ ಬಂದಿದ್ದನ್ನ ಅವರು ನೋಡಲೇ ಇಲ್ಲ.

ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗ ಅಜ್ಜನ ತಂಗಿ ಮನೆಯಲ್ಲಿದ್ರು. ಅಜ್ಜಿಗೆ ನಾದಿನಿ. ಹತ್ತೊಂಬತ್ತು ವರ್ಷ. ಮದುವೆಯಾಗಿ ಒಂದೇ ವರ್ಷಕ್ಕೆ ಗಂಡನನ್ನ ಕಳ್ಕೊಂಡು ವಾಪಸ್ ಬಂದಿದ್ರು. ಬಳೆ ಇಲ್ಲ, ಹೂವಿಲ್ಲ, ಟೆಂಟಿಗಂತೂ ಇಲ್ಲವೇ ಇಲ್ಲ. ಅಜ್ಜಿ ಸಿನಿಮಾ ನೋಡಿ ಬಂದು ರಾತ್ರಿ ಪಿಸುಮಾತಲ್ಲಿ ಕಥೆ ಹೇಳೋರು. ಹಾಡಿನ ಪುಸ್ತಕ ತಂದು ಓದಿ ಹೇಳೋರು. ಪುಸ್ತಕ ಜೋಳದ ವಾಡೆಯೊಳಗೆ ಬಚ್ಚಿಟ್ಟಿರ್ತಿತ್ತು.

ಎದುರುಮನೆ ಮದುವೆ ಬಂತು. ಮೈಕಿನವನ ಟ್ರಂಕಿನಲ್ಲಿ ಆ ವರ್ಷದ ಹೊಸ ಪ್ಲೇಟು ಅಂದ್ರೆ ಇದೊಂದೇ ಇರಬೇಕು, ಎರಡು ದಿನ ಇದನ್ನೇ ಹಾಕಿದ್ದಾನೆ. "ನಾನು ಸೇವಂತಿಗೆ ಮುಡ್ಕೊಂಡು ಹೊರಟಿದ್ದೆ" ಅಂದ್ರು ಅಜ್ಜಿ. "ಅವಳು ಒಳಗೆ ಅಕ್ಕಿ ಆರಿಸ್ತಾ ಕೂತಿದ್ಲು. ಶುಭಕಾರ್ಯಕ್ಕೆ ಎದುರು ಬರಬಾರದಲ್ಲ. ಕತ್ತಲು ಕೋಣೆ. ಹಾಡು ಮಾತ್ರ ಕಿಟಕಿಯಿಂದ ಸೀದಾ ಅವಳ ಮೇಲೆ ಬೀಳ್ತಿತ್ತು. ಅವಳೂ ಸಣ್ಣಗೆ ಹಾಡ್ತಿದ್ಲು. ನಮ್ಮತ್ತೆ ಬಂದು, ಬಾಯಿ ಮುಚ್ಚೆ, ಯಾರಾದ್ರೂ ಕೇಳಿದ್ರೆ ಅಂದ್ರು. ಮುಚ್ಚಿದ್ಲು. ನಾನು ಏನೂ ಅನ್ನಲಿಲ್ಲ ನೋಡು. ಹೂವು ಸರಿಮಾಡ್ಕೊಂಡು ಮದುವೆಗೆ ಹೋದೆ."

ಅವರು 1990ರ ಸುಮಾರಿಗೆ ತೀರಿಹೋದ್ರು. ಮರುಮದುವೆ ಆಗಲಿಲ್ಲ. ಆ ಮಾತು ಮನೆಯಲ್ಲಿ ಬರಲೇ ಇಲ್ಲವಂತೆ. ಹಣ್ಣೆಲೆ ಚಿಗುರಿದಾಗ ಸಿನಿಮಾವನ್ನ ಮನೆಯ ಹೆಂಗಸರೆಲ್ಲ ನೋಡಿ, ಕಣ್ಣೀರು ಹಾಕಿ, ಹೊಗಳಿದ್ರು. ಅವರೊಬ್ಬರನ್ನ ಬಿಟ್ಟು.

ನಾನು ಇತಿಹಾಸ ಓದಿದವಳು. ಹಾಡು ಸಮಾಜ ಬದಲಾಯಿಸಿತು ಅಂತ ಬರೆಯೋ ಪ್ರಬಂಧಗಳನ್ನ ಓದಿದ್ದೀನಿ, ಒಂದೆರಡು ಬರೆದೂ ಇದ್ದೀನಿ. ನಮ್ಮನೆಯಲ್ಲಂತೂ ಹಾಗಾಗಲಿಲ್ಲ. ಲೋಟ ಗೂಡಿನಿಂದ ಹೋಗೋಕೆ, ಅಜ್ಜಿ ಹೇಳೋ ಪ್ರಕಾರ, ಇನ್ನೂ ಹದಿನೈದು ವರ್ಷ ಬೇಕಾಯ್ತು. ಅದು ಹೋಗಿದ್ದೂ ಹಾಡಿನಿಂದಲ್ಲ, ಮೇಷ್ಟ್ರಿಗೆ ಸರ್ಕಾರಿ ಕೆಲಸ ಸಿಕ್ಕು ಅವರಪ್ಪ ನಮ್ಮನೆ ಕೆಲಸ ಬಿಟ್ಟಾಗ. ಹಾಡುಗಳು ಮಾತ್ರ ಎಲ್ಲಕ್ಕಿಂತ ಮುಂಚೆ ಒಳಗೆ ಬಂದು ಕೂತಿದ್ವು. ಅಡುಗೆಮನೆವರೆಗೂ, ಕತ್ತಲು ಕೋಣೆವರೆಗೂ. ಅವುಗಳನ್ನ ಯಾರೂ ಬಾಗಿಲಲ್ಲಿ ನಿಲ್ಲಿಸಿ ಯಾವ ಕುಲ, ಮುತ್ತೈದೆಯಾ ಅಂತ ಕೇಳಲಿಲ್ಲ.

ನನ್ನ ವೋಟು ಬದಲಾಯ್ತು. 'ಕುಲದಲ್ಲಿ ಕೀಳ್ಯಾವುದೋ' ಆ ದಶಕದ ಅತಿ ದೊಡ್ಡ ಹಾಡು ಅನ್ನೋದನ್ನ ನಾನು ಈಗಲೂ ಬಿಡಲ್ಲ. ಇವತ್ತಿಗೂ ಗಣಪತಿ ಬಿಡೋ ಮೆರವಣಿಗೆಯಲ್ಲಿ ಅದು ಬಂದ್ರೆ ಕಾಲು ನಿಲ್ಲಲ್ಲ. ಆದರೆ ದೊಡ್ಡದನ್ನ ಆರಿಸೋದು ಬೇರೆ, ಪ್ರೀತಿಯದನ್ನ ಆರಿಸೋದು ಬೇರೆ. ಸುಶೀಲಾ ಅವರ ಆ ಹಾಡಿನಲ್ಲಿ ಜಂಬ ಇದೆ ನೋಡಿ, ಹುಡುಗಿಯ ಜಂಬ, ಯಾರನ್ನೂ ನೋಯಿಸದ್ದು. ಅಕ್ಕಿ ಆರಿಸ್ತಾ ಕೂತಿದ್ದ ಹತ್ತೊಂಬತ್ತು ವರ್ಷದವಳು ಅದನ್ನ ಎರಡು ದಿನ ತನ್ನದು ಮಾಡ್ಕೊಂಡಿದ್ಲು. ಅದೇ ವಯಸ್ಸಿನ ನನ್ನ ತಮ್ಮ ಈಗ ಸ್ಪೀಕರ್ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ದ.

ಹಾಡು ಹಾಕಿಸಿದ್ವಿ. ಅಜ್ಜಿ ಕಣ್ಣು ಮುಚ್ಚಿ ಕೇಳ್ತಿದ್ರು. ಮೊದಲ ಚರಣ ಮುಗೀತಿದ್ದ ಹಾಗೆ ಕೈಯೆತ್ತಿ, "ತಡಿ, ಇಲ್ಲಿ ಏನೋ ಬಿಟ್ಟುಹೋಯ್ತು" ಅಂದ್ರು. ತಮ್ಮ ಹಿಂದಕ್ಕೆ ಎಳೆದು ಮತ್ತೆ ಹಾಕಿದ. ಏನೂ ಬಿಟ್ಟಿರ್ಲಿಲ್ಲ.

"ಆ ಮೈಕಿನವನ ಪ್ಲೇಟು ಇಲ್ಲಿ ಸೀಳಿತ್ತು ಕಣೋ" ಅಂದ್ರು ಅಜ್ಜಿ. "ಮುಳ್ಳು ಸಿಕ್ಕೊಂಡು ಒಂದೇ ಮಾತು ಮೂರು ಸಲ ಬರೋದು, ಆಮೇಲೆ ಅವನು ಬಂದು ಎತ್ತಿಡೋನು. ಅವಳು ಹಂಗೇ ಕಲ್ತಿದ್ಲು. ಯಾವಾಗ ಹಾಡಿದ್ರೂ ಇಲ್ಲಿ ಮೂರು ಸಲ ಹಾಡೋಳು."

ನಿಮ್ಮ ಮನೆಯಲ್ಲೂ ಇಂಥ ಒಂದು ಹಾಡು ಇದ್ದೇ ಇರುತ್ತೆ. ಯಾವ ಹಾಡು, ಎಲ್ಲಿ ಕೇಳಿದ್ದು, ಟೆಂಟಾ ಮೈಕಾ ರೇಡಿಯೊನಾ, ಜೊತೆಗೆ ಯಾರಿದ್ರು ಅಂತ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ, ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಮುಂದಿನ ವಾರ ಒಂದಿಷ್ಟನ್ನ ಕೇಳಿಸ್ತೀನಿ.